ನಿದ್ದೆ ಮಾಮನ ಕುರ್ಚಿ

ನಮ್ಮನೆಯವರು ಕೂದಲಿಗಿಂತ ಗಾಳಿಯನ್ನೇ ಹೆಚ್ಚು ಕತ್ತರಿಸಿದವರು. ನಾನು ಹೀಗೆಂದಾಗಲೆಲ್ಲ ಅವರು ನಗುತ್ತಿದ್ದರು, ಒಪ್ಪಿಕೊಳ್ಳುತ್ತಲೂ ಇದ್ದರು. ಒಂದು ಸಲ ತಲೆಗೆ ಕತ್ತರಿ ತಾಗಿಸಿದರೆ ಹತ್ತಾರು ಸಲ ಬರಿಗಾಳಿಯಲ್ಲಿ ಆಡಿಸುವುದು ಅವರ ಕೈಯ ರೂಢಿ. ಬಾಚಣಿಗೆ ಬದಲಿಸುವಾಗ, ಕುರ್ಚಿಯ ಸುತ್ತ ಹೆಜ್ಜೆ ಹಾಕುವಾಗ, ನನ್ನ ಜೊತೆ ಜಗಳವಾಡುವಾಗ ಕೂಡ ಕತ್ತರಿ ಚಕಚಕ ಎನ್ನುತ್ತಲೇ ಇರಬೇಕು. ಸದ್ದು ನಿಂತರೆ ಕುರ್ಚಿಯಲ್ಲಿ ಕೂತವನಿಗೆ ಎಚ್ಚರವಾಗಿಬಿಡುತ್ತದೆ ಎನ್ನುವುದು ಅವರ ವಾದ. ಏಕೆಂದರೆ ಅವರ ಕುರ್ಚಿಯಲ್ಲಿ ಕೂತವರೆಲ್ಲ ನಿದ್ದೆ ಹೋಗುತ್ತಿದ್ದರು.

ಈ ವಿದ್ಯೆಯನ್ನು ಅವರು ಕಲಿತದ್ದು ಆಸ್ಪತ್ರೆಯಲ್ಲಿ. ಮದುವೆಗೆ ಮೊದಲು ಅಲ್ಲಿನ ರೋಗಿಗಳಿಗೆ ಕ್ಷೌರ ಮಾಡುತ್ತಿದ್ದರಂತೆ. ನೋವಿಗೆ ಕಣ್ಣು ಮುಚ್ಚಲಾರದವರು ಇವರ ಕತ್ತರಿಯ ಸದ್ದು ಕೇಳುತ್ತಾ ಮಲಗಿಬಿಡುತ್ತಿದ್ದರಂತೆ. ಕೂದಲು ಮುಗಿದರೂ ಸದ್ದು ಮುಗಿಸಬಾರದು ಎಂದು ಅಲ್ಲೇ ಗೊತ್ತಾಯಿತು ಎನ್ನುತ್ತಿದ್ದರು. ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಮಗುವನ್ನು ಮಲಗಿಸಿ ಎಂದರೆ ಮಗುವಿಗಿಂತ ಮೊದಲು ತಾವೇ ಮಲಗುತ್ತಿದ್ದರು.

ಆಮೇಲೆ ಸಂಬಳಕ್ಕೆ ಆಡುವ ಫುಟ್‌ಬಾಲ್ ಕ್ಲಬ್ಬೊಂದರ ಕ್ಷೌರಿಕರಾದರು. ಗ್ಯಾಲರಿಯ ಮೆಟ್ಟಿಲುಗಳ ಕೆಳಗೆ ಉಳಿದ ಜಾಗಕ್ಕೆ ಗೋಡೆ ಎಬ್ಬಿಸಿ ಒಂದು ಕೋಣೆ ಮಾಡಿಕೊಟ್ಟಿದ್ದರು. ಮೇಲೆ ಮೆಟ್ಟಿಲು ಇಳಿದ ಹಾಗೆಲ್ಲ ಒಳಗೆ ಚಾವಣಿಯೂ ಇಳಿಯುತ್ತಿತ್ತು. ಎಂಥ ದೊಡ್ಡ ಆಟಗಾರನಾದರೂ ಇವರ ಕನ್ನಡಿಯ ಮುಂದೆ ಬರಬೇಕಾದರೆ ತಲೆ ಬಗ್ಗಿಸಲೇಬೇಕು. ಇದ್ದದ್ದು ಒಂದೇ ಕಿಟಕಿ, ಅದೂ ಮೈದಾನದ ನೆಲದ ಮಟ್ಟಕ್ಕೆ. ಅದರಲ್ಲಿ ಹುಲ್ಲು, ಬೂಟು, ಮೀನಖಂಡ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪಕ್ಕದ ಗೂಡಿನಂಥ ಕೋಣೆಯಲ್ಲಿ ಟವೆಲ್ ಕುದಿಸಿ, ಹಿಂಡಿ, ಬಿಸಿಬಿಸಿಯಾಗಿ ಕೊಡುವ ಕೆಲಸ ನನ್ನದು. ಹಬೆ ಎರಡೂ ಕೋಣೆ ತುಂಬಿ, ಕನ್ನಡಿ ಮಸುಕಾಗಿ, ಕಿಟಕಿಯ ಹಸಿರು ಬೆಳಕು ಅದರಲ್ಲಿ ಕರಗಿದಾಗ ನಾವೆಲ್ಲ ಕೆರೆಯ ತಳದಲ್ಲಿ ಕೂತು ಕೆಲಸ ಮಾಡುತ್ತಿದ್ದೇವೆ ಅನ್ನಿಸುತ್ತಿತ್ತು. ಮೇಲೆ ಜನ ಕೂಗುವುದೂ ನೀರಿನ ಆಚೆಯಿಂದ ಬಂದ ಹಾಗೆಯೇ ಕೇಳುತ್ತಿತ್ತು.

ಪಂದ್ಯದ ದಿನ ಬೆಳಿಗ್ಗೆ ಆಟಗಾರರು ಒಬ್ಬೊಬ್ಬರಾಗಿ ಬರುತ್ತಿದ್ದರು. ಮುಖಕ್ಕೆ ನನ್ನ ಟವೆಲ್, ಕಿವಿಗೆ ಇವರ ಕತ್ತರಿ. ಸ್ವಲ್ಪ ಹೊತ್ತಿನಲ್ಲಿ ಬಾಯಿ ಅರ್ಧ ತೆರೆದು ಗೊರಕೆ. ಕ್ಲಬ್ಬಿನಲ್ಲಿ ಅದೇ ಒಂದು ನಂಬಿಕೆಯಾಗಿ ಬೇರೂರಿತ್ತು. ಆ ಕುರ್ಚಿಯಲ್ಲಿ ನಿದ್ದೆ ಬಂದವನಿಗೆ ಅವತ್ತು ಕಾಲು ಹೇಳಿದ ಮಾತು ಕೇಳುತ್ತದೆ, ಮಲಗಿದವನನ್ನು ಯಾರಾದರೂ ಎಬ್ಬಿಸಿದರೆ ತಂಡ ಸೋಲುತ್ತದೆ. ಹಾಗಾಗಿ ಎಲ್ಲರೂ ಇವರನ್ನು ನಿದ್ದೆ ಮಾಮ ಎಂದೇ ಕರೆಯುತ್ತಿದ್ದರು.

ಆಗ ನಮ್ಮ ಊರು ಸೇತುವೆಯ ಎರಡು ಕಡೆ ಹಂಚಿಹೋಗಿತ್ತು. ಈಚೆ ನಾವು, ಬಿಳಿ ತೊಗಲಿನವರು. ಆಚೆ ಕಪ್ಪು ತೊಗಲಿನವರು. ಅವರು ಈಚೆ ಬಂದು ಗೋಡೆ ಕಟ್ಟುತ್ತಿದ್ದರು, ಸಾಮಾನು ಹೊರುತ್ತಿದ್ದರು, ನಮ್ಮ ಮೈದಾನದ ಹುಲ್ಲನ್ನೂ ಅವರೇ ಕತ್ತರಿಸುತ್ತಿದ್ದರು. ಆ ಹುಲ್ಲಿನ ಮೇಲೆ ಚೆಂಡು ಒದೆಯಲು ಮಾತ್ರ ಅವರಲ್ಲಿ ಯಾರನ್ನೂ ಬಿಟ್ಟಿರಲಿಲ್ಲ. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ತಂಡ ಮೇಲಿಂದ ಮೇಲೆ ಸೋತ ಒಂದು ವರ್ಷ ಕ್ಲಬ್ಬಿನ ಯಜಮಾನರಿಗೆ ಬುದ್ಧಿ ಬಂತೋ ಭಯ ಬಂತೋ, ಆಚೆಯಿಂದ ಒಬ್ಬನನ್ನು ಕರೆತಂದರು. ಎಡಗಡೆಯ ಅಂಚಿನಲ್ಲಿ ಗಾಳಿಯ ಹಾಗೆ ಓಡುವವನು. ಅವನಿಗೆ ಹೊಸಬ ಎಂಬ ಹೆಸರು ಬಿತ್ತು. ಅವನಾದ ಮೇಲೆ ಸೇರಿದ ಬಿಳಿ ಹುಡುಗರು ಹಳಬರಾದರು, ಅವನು ಮಾತ್ರ ಹೊಸಬನಾಗಿಯೇ ಉಳಿದ.

ಅವನು ಸೇರಿದ ವಾರವೇ ಕ್ಯಾಪ್ಟನ್ ನಮ್ಮ ಕೋಣೆಗೆ ಬಂದ. ಅಗಲ ಎದೆಯ, ಜೋರು ದನಿಯ ಮನುಷ್ಯ. ಅವನ ಮುಖಕ್ಕಿಂತ ಮೊದಲು ಬೂಟು ಬರುತ್ತಿತ್ತು. ಆಟದ ಬೂಟಿನ ಅಡಿಯಲ್ಲಿ ಹುಲ್ಲು ಕಚ್ಚಿಕೊಳ್ಳಲು ಮೊಳೆಗಳಿರುತ್ತವಲ್ಲ, ಅವು ನಮ್ಮ ಸಿಮೆಂಟು ನೆಲದ ಮೇಲೆ ಕಟಕಟ ಎನ್ನುತ್ತಿದ್ದವು.

"ಮಾಮ, ಒಂದು ಮಾತು. ಅವನಿಗೆ ಬೇರೆ ಬಾಚಣಿಗೆ ಇಟ್ಕೋ. ಬೇರೆ ಬಟ್ಟೆ ಇಟ್ಕೋ. ಎಲ್ಲರದ್ದೂ ಆದ್ಮೇಲೆ ಕೊನೇಲಿ ಕೂರಿಸು. ಅವನು ಎದ್ದ ಕುರ್ಚೀಲಿ ನಾನು ಕೂರಲ್ಲ."

"ಆಯ್ತಪ್ಪ," ಎಂದರು ಇವರು, ಕತ್ತರಿ ಆಡಿಸುತ್ತಾ.

ನಾನು ಹಿಂಡಿದ ರಭಸಕ್ಕೆ ಟವೆಲ್ ಹರಿದುಹೋಗಬೇಕಿತ್ತು. ಅವನು ಹೋದ ಮೇಲೆ ಕೇಳಿದೆ. "ಆಯ್ತಪ್ಪ ಅಂದ್ರೆ ಏನ್ರೀ ಅರ್ಥ?"

"ಯಾರು ಏನಂದ್ರೂ ಆಯ್ತಪ್ಪ ಅಂತೀನಿ ಕಣೇ. ವಾದಕ್ಕೆ ನಿಂತ್ರೆ ಅವರಿಗೆ ನಿದ್ದೆ ಬರುತ್ತಾ?"

ನಮ್ಮನೆಯವರ ಗುಣವೇ ಅದು. ಕೆಟ್ಟವರಲ್ಲ, ಆದರೆ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಮಾತಾಡಲಾರರು. 'ಆಗಲ್ಲ' ಎಂಬ ಮಾತು ಅವರ ಗಂಟಲಲ್ಲೇ ಉಳಿಯುತ್ತಿತ್ತು. 'ಗೊತ್ತಿಲ್ಲ' ಎಂಬುದು ಗಂಟಲವರೆಗೂ ಬರುತ್ತಿರಲಿಲ್ಲ.

ಹೊಸಬ ಮೊದಲ ಪಂದ್ಯದ ಬೆಳಿಗ್ಗೆ ಎಲ್ಲರಿಗಿಂತ ಕೊನೆಗೆ ಬಂದ. "ಕೂರಬಹುದಾ ಸಾರ್?" ಎಂದು ಕೇಳಿ ಕೂತ. ನಾನು ಬಿಸಿ ಟವೆಲ್ ತಂದರೆ "ಬೇಡಮ್ಮ" ಎಂದ, ಅದು ಕಣ್ಣು ಮುಚ್ಚುತ್ತದೆ ಎನ್ನುವ ಕಾರಣಕ್ಕೆ. ದಟ್ಟವಾದ ಗುಂಗುರು ಕೂದಲು, ಬೆರಳಿಟ್ಟರೆ ತಳ ಸಿಗದಷ್ಟು. ಇವರು ಹುಟ್ಟಿದಾಗಿನಿಂದ ಅಂಥ ತಲೆ ಮುಟ್ಟಿದವರಲ್ಲ. ಕತ್ತರಿಯ ಸದ್ದು ಒಂದು ಗಳಿಗೆ ನಿಂತಿದ್ದು ನನಗೆ ಪಕ್ಕದ ಕೋಣೆಯಲ್ಲಿ ತಿಳಿಯಿತು. 'ನಂಗಿದು ಬರಲ್ಲಪ್ಪ' ಎಂದು ಅಲ್ಲೇ ಹೇಳಿದ್ದರೆ ಆಗಿಹೋಗುತ್ತಿತ್ತು. ಅದು ಬಿಟ್ಟು ನಮ್ಮ ತಲೆಗಳಿಗೆ ಮಾಡುವುದನ್ನೇ ಮಾಡಿದರು. ನೀರು ಚಿಮುಕಿಸಿ ನೆನೆಸಿದರು. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಎಳೆದೆಳೆದು ನೆಟ್ಟಗೆ ಮಾಡಿದರು, ಬಾಚಣಿಗೆಯ ಹಲ್ಲು ಮುರಿದವು. ನೆಟ್ಟಗಾದ ಒದ್ದೆ ಕೂದಲನ್ನು ಸಮ ನೋಡಿಕೊಂಡು ಕತ್ತರಿಸಿದರು. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. ಹೊಸಬ ಅಷ್ಟು ಹೊತ್ತೂ ಕಣ್ಣು ಬಿಟ್ಟುಕೊಂಡೇ ಕೂತಿದ್ದು, "ಥ್ಯಾಂಕ್ಸ್ ಸಾರ್" ಎಂದು ಎದ್ದು ಹೋದ.

ಗುಂಗುರು ಕೂದಲು ಒಣಗಿದಾಗ ಏನಾಗುತ್ತದೆ ಎಂದು ಸೇತುವೆಯ ಆಚೆ ಪುಟ್ಟ ಮಕ್ಕಳಿಗೂ ಗೊತ್ತು. ಒದ್ದೆಯಿದ್ದಾಗ ಎಳೆದಷ್ಟು ಉದ್ದ ಬರುತ್ತದೆ, ಒಣಗಿದಂತೆ ಮೇಲಕ್ಕೆ ಸುತ್ತಿಕೊಳ್ಳುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಥರ. ಆಟ ಶುರುವಾಗಿ ಬಿಸಿಲಿನಲ್ಲಿ ನಾಲ್ಕು ಓಟ ಓಡುವಷ್ಟರಲ್ಲಿ ಹೊಸಬನ ತಲೆ ಒಂದು ಕಡೆ ಬೋಳು, ಇನ್ನೊಂದು ಕಡೆ ಬುಟ್ಟಿ, ಹಿಂದೆ ಮೆಟ್ಟಿಲು ಮೆಟ್ಟಿಲು. ನಮ್ಮ ಕಿಟಕಿಗೆ ತಲೆ ಕಾಣುವುದಿಲ್ಲ. ಮೇಲೆ ಗ್ಯಾಲರಿಗೆ ಗ್ಯಾಲರಿಯೇ ನಗುವುದು ಮಾತ್ರ ಕೇಳಿಸಿತು. ನಮ್ಮ ಮೈದಾನಕ್ಕೆ ಕಪ್ಪು ತೊಗಲಿನ ಆಟಗಾರ ಇಳಿದ ಮೊದಲ ದಿನ ಅದು. ಬೈಯಲೆಂದೇ ಬಂದಿದ್ದವರಿಗೆ ನಗಲೂ ಒಂದು ಕಾರಣವನ್ನು ನಮ್ಮವರೇ ಒದಗಿಸಿದ್ದರು.

ಆಟ ಮುಗಿದ ಮೇಲೆ ಕಟಕಟ ಸದ್ದು ಬಂತು. ಕ್ಯಾಪ್ಟನ್, ಅವನ ಹಿಂದೆ ಇನ್ನೂ ಕೆಲವರು. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂದಿತ್ತು. ಇವರ ಹೆಗಲ ಮೇಲೆ ಕೈ ಹಾಕಿದ.

"ನೀನು ಸುಮ್ನೆ ಇರ್ತೀಯ ಅಂದ್ಕೊಂಡಿದ್ವಿ ಮಾಮ. ಚೆನ್ನಾಗಿ ಮಾಡಿದೆ. ನೀನು ನಮ್ಮವನು."

"ನಾನು ಬೇಕು ಅಂತ ಮಾಡಿಲ್ಲ," ಎಂದರು ಇವರು.

ಅದಕ್ಕೆ ಇನ್ನೂ ಜೋರಾಗಿ ನಕ್ಕರು. ಒಬ್ಬ ಕಣ್ಣು ಹೊಡೆದ. ಅದೇ ಹೊತ್ತಿಗೆ ಹೊಸಬ ತಲೆಗೆ ಬಟ್ಟೆ ಸುತ್ತಿಕೊಂಡು ಬಾಗಿಲ ಮುಂದೆ ಹಾದುಹೋದ. ಹೆಗಲ ಮೇಲಿದ್ದ ಕೈಯನ್ನು ನೋಡಿದ, ಇವರ ಮುಖ ನೋಡಿದ, ಮುಂದೆ ನಡೆದ.

ಮನೆಗೆ ಬಂದವರು ಊಟಕ್ಕೆ ಏಳಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಬರಲ್ಲ ಅಂತ ಹೇಳೋಕೆ ಏನಾಗಿತ್ತು ನಿಮಗೆ? ಬಾಯಲ್ಲಿ ಏನು ಇಟ್ಕೊಂಡಿದ್ರಿ?"

"ನನ್ನ ಕುರ್ಚೀಲಿ ಕೂತವನಿಗೆ ಬರಲ್ಲ ಅಂತ ಹೆಂಗೆ ಹೇಳ್ಲಿ?"

"ಈಗ ಹೆಂಗಿದೆ?"

"ಬೈದಿದ್ರೆ ತಡ್ಕೊತಿದ್ದೆ ಕಣೇ. ಹೊಗಳಿದ್ರಲ್ಲ," ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟೂ ಇತ್ತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಯಾವುದನ್ನು ಮೊದಲು ತೋರಿಸಬೇಕೆಂದು ತಿಳಿಯದೆ ತಟ್ಟೆಯನ್ನು ಅವರಿದ್ದಲ್ಲಿಗೇ ತಂದು ಕುಕ್ಕಿದೆ.

ಮಾರನೆಯ ದಿನ ಹೊಸಬನ ಮುಂದೆ ನಿಂತು ತಪ್ಪಾಯಿತು ಎಂದರು. ಅವನು "ಪರವಾಗಿಲ್ಲ ಸಾರ್" ಎಂದು ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ. ಅಷ್ಟು ಮರ್ಯಾದೆಯಿಂದ ಹೇಳಿದ ಪರವಾಗಿಲ್ಲಕ್ಕೆ ನಂಬಲಿಲ್ಲ ಎಂದೇ ಅರ್ಥ. ಅವನಾದರೂ ಯಾಕೆ ನಂಬಬೇಕು? ನಾನು ನಮ್ಮನೆಯವರಿಗೆ ನೇರವಾಗಿಯೇ ಹೇಳಿದೆ. "ಕೆಡಿಸಿದ್ದು ಕೈ. ಬಾಯಿ ಇಟ್ಕೊಂಡು ಹೋಗಿ ಏನು ಮಾಡ್ತೀರಿ? ಆಚೆ ಹೋಗಿ ಕಲೀರಿ."

ರಜೆಯ ದಿನ ಇಬ್ಬರೂ ಬಸ್ಸು ಹತ್ತಿ ಸೇತುವೆ ದಾಟಿದೆವು. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಇಷ್ಟು ವರ್ಷ ಈಚೆ ದಡದಿಂದ ನೋಡಿದ್ದ ಹೊಳೆಯನ್ನು ಆಚೆಯಿಂದ ನೋಡಿದಾಗ ಅದು ಹಿಂದಕ್ಕೆ ಹರಿಯುತ್ತಿದೆ ಅನ್ನಿಸಿ, ನಾನು ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದೆ. ಓಣಿಯಲ್ಲಿ ಚೆಂಡು ಒದೆಯುತ್ತಿದ್ದ ಮಕ್ಕಳು ನಮ್ಮನ್ನು ಕಂಡು ಆಟ ನಿಲ್ಲಿಸಿದರು. ಇಲ್ಲಿ ಕೂದಲು ಕತ್ತರಿಸುವವರು ಯಾರು ಎಂದರೆ ಎಲ್ಲರ ಬೆರಳೂ ಒಂದೇ ಮನೆಯ ಕಡೆ ತೋರಿಸಿತು.

ಮುಂದಿನ ಕೋಣೆಯಲ್ಲಿ ಎತ್ತರದ ಒಂದು ಸ್ಟೂಲು, ಗೋಡೆಯುದ್ದಕ್ಕೂ ಬೆಂಚು, ಬೆಂಚಿನ ತುಂಬ ಜನ. ಕತ್ತರಿ ಹಿಡಿದಿದ್ದವರು ದಪ್ಪ ಕನ್ನಡಕದ ಹೆಂಗಸು. ಓಣಿಗೆಲ್ಲ ಅವರು ಅತ್ತೆ. ಹೊಸಬನಿಗೆ ನಿಜವಾಗಿಯೂ ಸೋದರತ್ತೆ ಎನ್ನುವುದು ಅವರು ಬಾಯಿ ತೆರೆದ ಮೇಲೆ ನಮಗೆ ಗೊತ್ತಾಯಿತು. ಇವರ ಬೆರಳುಗಳು ಕತ್ತರಿಯಿಲ್ಲದೆಯೂ ಗಾಳಿಯಲ್ಲಿ ಆಡುತ್ತಿದ್ದುದನ್ನು ನೋಡಿದ್ದೇ ಅವರ ಹುಬ್ಬು ಮೇಲೆ ಹೋಯಿತು.

"ನಮ್ಮ ಹುಡುಗನ ತಲೆ ಹಾಳು ಮಾಡಿದವರು ನೀವೇ ಅಲ್ವಾ? ಕೈ ನಿಲ್ಲೋದೇ ಇಲ್ಲ ಅಂತ ಹೇಳಿದ್ದ."

"ನಾನೇ. ನಂಗೆ ಗೊತ್ತಿರಲಿಲ್ಲ. ಕಲಿಸಿಕೊಡಿ," ಎಂದರು ಇವರು. ಅವರ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಕಾಲಿನಿಂದ ಸ್ಟೂಲನ್ನು ಮುಂದೆ ತಳ್ಳಿದರು.

"ಕಲಿಸೋಣ. ಮೊದ್ಲು ಕೂತ್ಕೊಳಿ. ಅವನು ನಿಮ್ಮ ಕೈಗೆ ತಲೆ ಕೊಟ್ಟ, ನೀವು ನನ್ನ ಕೈಗೆ ಕೊಡಿ."

ಕೂತರು. ಅತ್ತೆ ತಮ್ಮವರಿಗೆ ಮಾಡುವ ಹಾಗೆಯೇ ಒಣಗೂದಲನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ಮೇಲಕ್ಕೆತ್ತಿದರು. ಅದು ನಿಲ್ಲದೆ ಜಾರಿಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. "ಇದೇನ್ರೀ ಇದು, ಹಿಡಿಯೋಕೇ ಸಿಗಲ್ಲ," ಎನ್ನುತ್ತಾ ಸಿಕ್ಕಷ್ಟನ್ನು ಕತ್ತರಿಸಿದರು. ಮುಗಿದಾಗ ನಮ್ಮನೆಯವರ ತಲೆ ಇಲಿ ಕಡಿದ ಚಾಪೆಯ ಹಾಗಿತ್ತು. ಒಂದು ಬೆಂಚಿನಲ್ಲಿ ಶುರುವಾದ ನಗು ಇನ್ನೊಂದಕ್ಕೆ ಹಬ್ಬಿತು. ಹೆಂಡತಿಯಾಗಿ ನಾನಾದರೂ ತಡೆದುಕೊಳ್ಳಬೇಕಿತ್ತು, ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆಯೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಂಗೂ ಬರಲ್ಲ ನೋಡಿ ನಿಮ್ಮ ಕೂದಲು. ಬೇಕು ಅಂತ ಮಾಡಿಲ್ಲ ಮತ್ತೆ."

ನಮ್ಮನೆಯವರ ಮುಖ ಅರಳಿದ್ದು ಆಗ. ಆ ಮಾತು ಅರ್ಥವಾಗುವವರು ಊರಿನಲ್ಲಿ ಒಬ್ಬರಾದರೂ ಸಿಕ್ಕಿದ್ದರು.

ಅಲ್ಲಿಂದ ಪ್ರತಿ ರಜೆಯ ದಿನವೂ ಸೇತುವೆ ದಾಟಿದೆವು. ನಾನು ಹೊರಗಿನ ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಕೂತು ತೂಕಡಿಸುತ್ತಾ ಒಳಗಿನ ಪಾಠ ಕೇಳುತ್ತಿದ್ದೆ. ನೀರು ಮುಟ್ಟಿಸಬೇಡಿ. ಸ್ವಲ್ಪ ಎತ್ತಿ, ಸ್ವಲ್ಪವೇ ತೆಗೆಯಿರಿ. ಸುರುಳಿ ಎಲ್ಲಿ ಹೋಗಿ ಕೂರುತ್ತದೆ ಅಂತ ನೋಡಿ, ಆಮೇಲೆ ಮುಂದಿನದು. ಇವರು ಅವಸರಪಟ್ಟರೆ ಬಾಚಣಿಗೆಯಿಂದ ಕೈಮೇಲೆ ಒಂದು ಏಟು ಬೀಳುತ್ತಿತ್ತು. ಕೊನೆಗೆ ಅತ್ತೆ ಅದೇ ಬಾಚಣಿಗೆಯನ್ನು ಇವರಿಗೆ ಕೊಟ್ಟರು.

ಇಲಿ ಕಡಿದ ತಲೆ ಹೊತ್ತು ಕ್ಲಬ್ಬಿಗೆ ಹೋದ ಮೊದಲ ದಿನ ಆಟಗಾರರೆಲ್ಲ ಸುತ್ತುವರಿದು ನಕ್ಕರು. "ಯಾರು ಮಾಮ ನಿಂಗೆ ಈ ಗತಿ ಮಾಡಿದ್ದು?" ಎಂದ ಕ್ಯಾಪ್ಟನ್.

"ಹೊಸಬನ ಅತ್ತೆ. ಅವನ ತಲೆ ನಾನು ಗೊತ್ತಿಲ್ದೆ ಕೆಡಿಸಿದ್ದೆ. ಕಲಿಯೋಕೆ ಹೋಗಿದ್ದೆ."

ನಗು ನಿಂತಿತು. ಕ್ಯಾಪ್ಟನ್ ಇವರನ್ನು ಮೇಲಿಂದ ಕೆಳಗೆ ನೋಡಿದ. "ಹಂಗಾದ್ರೆ ನಮ್ಮ ತಲೆ ನಾವು ಬೇರೆ ಕಡೆ ನೋಡ್ಕೋತೀವಿ."

"ಆಯ್ತಪ್ಪ," ಎಂದರು ಇವರು. ಅದು ಹಳೆಯ ಆಯ್ತಪ್ಪ ಅಲ್ಲ. ನನಗೆ ಅವರ ಮೇಲೆ ತುಂಬ ಪ್ರೀತಿ ಬಂದ ದಿನಗಳಲ್ಲಿ ಅದೂ ಒಂದು.

ತಂಡದವರು ಪೇಟೆಯ ಕಟಿಂಗ್ ಶಾಪಿಗೆ ಹೋದರು. ಅಲ್ಲಿ ರೇಡಿಯೋ ಅರಚುತ್ತಿತ್ತಂತೆ, ಮಾತೋ ಮಾತು, ಒಬ್ಬನಿಗೂ ರೆಪ್ಪೆ ಕೂಡಲಿಲ್ಲ. ಮುಂದಿನ ಪಂದ್ಯ ಸೋತರು. ಅದರ ಮುಂದಿನದೂ ಸೋತರು. ಮನುಷ್ಯನ ದ್ವೇಷ ಎಷ್ಟೇ ಗಟ್ಟಿಯಿರಲಿ, ಆಟಗಾರನ ಶಕುನದ ಮುಂದೆ ಅದು ನಿಲ್ಲುವುದಿಲ್ಲ ಎಂದು ನನಗೆ ತಿಳಿದದ್ದು ಆಗ. ಗೊಣಗುತ್ತಾ ಒಬ್ಬೊಬ್ಬರೇ ವಾಪಸು ಬಂದರು. ಕೊನೆಯವನು ಕ್ಯಾಪ್ಟನ್. ಹೊಸಬನಿಗಿಂತ ಮೊದಲು ತನ್ನದಾಗಬೇಕು ಎಂಬ ಷರತ್ತನ್ನು ಮಾತ್ರ ಬಿಡಲಿಲ್ಲ.

ಹೊಸಬನನ್ನು ಅತ್ತೆಯೇ ಗದರಿಸಿ ಕಳಿಸಿದರು. ಕುರ್ಚಿಯಲ್ಲಿ ಕೂತವನು ಅಗಲ ಹಲ್ಲಿನ ಬಾಚಣಿಗೆಯನ್ನು ನೋಡಿ, "ಇದು ನಮ್ಮತ್ತೇದು," ಎಂದ. ಕ್ಯಾಪ್ಟನ್ ಕೇಳಿದ್ದ ಬೇರೆ ಬಾಚಣಿಗೆ ಕೊನೆಗೂ ನಮ್ಮ ಕೋಣೆಗೆ ಬಂದಿತ್ತು, ಆದರೆ ಬೇರೆ ದಾರಿಯಲ್ಲಿ. ಇವರು ನೀರು ಮುಟ್ಟಲಿಲ್ಲ. ನಿಧಾನವಾಗಿ ಎತ್ತಿ, ಕತ್ತರಿಸಿ, ಸುರುಳಿ ಕೂರುವುದನ್ನು ಕಾಯ್ದು ಮುಗಿಸಿದರು. ಹೊಸಬ ತಲೆ ಸವರಿ ನೋಡಿಕೊಂಡು "ಚೆನ್ನಾಗಿದೆ ಸಾರ್" ಎಂದ. ಆದರೆ ಟವೆಲ್ ಬೇಡವೆಂದಿದ್ದ, ಕಣ್ಣು ಒಂದು ಗಳಿಗೆಯೂ ಕನ್ನಡಿ ಬಿಟ್ಟಿರಲಿಲ್ಲ.

"ಇನ್ನೇನ್ರೀ ಬೇಕು ನಿಮಗೆ?" ಎಂದೆ ನಾನು, ಇವರ ಮುಖ ಬಾಡಿದ್ದನ್ನು ಕಂಡು.

"ಕತ್ತಿನ ಹಿಂದೆ ಕತ್ತಿ ಇಟ್ರೆ ಮೈಯೆಲ್ಲ ಬಿಗಿ ಮಾಡ್ಕೋತಾನೆ ಕಣೇ. ನನ್ನ ಕುರ್ಚೀಲಿ ಅವನು ಕಣ್ಣು ಮುಚ್ಚೋ ತನಕ ನಂಬಿದಾನೆ ಅಂತ ನಾನು ಹೇಳಲ್ಲ."

ಅದೊಂದೇ ಅವರಿಗೆ ಬೇಕಿದ್ದದ್ದು. ನನಗೋ, ಅದು ಆಗದ ಮಾತು ಅನ್ನಿಸುತ್ತಿತ್ತು. ಮೈದಾನದಲ್ಲಿ ಅವನ ಮೇಲೆ ಉಗುಳುತ್ತಿದ್ದರು. ಬಾಟಲಿ ಎಸೆಯುತ್ತಿದ್ದರು. ಸ್ನಾನದ ಕೋಣೆಯಿಂದ ಎಲ್ಲರೂ ಹೊರಟ ಮೇಲೆ ಒಬ್ಬನೇ ಸ್ನಾನ ಮಾಡುತ್ತಿದ್ದ. ಬೀದಿಯಲ್ಲಿ, ಬಸ್ಸಿನಲ್ಲಿ, ಎಲ್ಲ ಕಡೆ ಕಣ್ಣು ಬಿಟ್ಟುಕೊಂಡೇ ಇರಬೇಕಾದವನು, ಒಮ್ಮೆ ತನ್ನನ್ನು ಹಾಸ್ಯಕ್ಕೆ ಗುರಿಮಾಡಿದ ಕತ್ತರಿಯ ಕೆಳಗೆ ಹೇಗೆ ಮಲಗಿಯಾನು? ಪಂದ್ಯಗಳು ಒಂದರ ಹಿಂದೆ ಒಂದು ಬಂದು ಹೋದವು. ಹುಲ್ಲು ಒಣಗಿ ಕಿಟಕಿಯ ಬೆಳಕು ಹಸಿರಿನಿಂದ ಹಳದಿಗೆ ತಿರುಗಿತು. ಅವನು ಬರುತ್ತಿದ್ದ, ಕೂರುತ್ತಿದ್ದ, ಕನ್ನಡಿಯನ್ನೇ ನೋಡುತ್ತಿದ್ದ. ಇವರು ಸುಮ್ಮನೆ ಕತ್ತರಿ ಆಡಿಸುತ್ತಿದ್ದರು.

ಆ ವರ್ಷದ ಕೊನೆಯ ಪಂದ್ಯದ ಬೆಳಿಗ್ಗೆ ಕ್ಯಾಪ್ಟನ್ ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳಲು ಹೋಗಿ ತಡವಾದ. ಕುರ್ಚಿ ಖಾಲಿಯಿತ್ತು. ಹೊಸಬ ಬಂದು ಕೂತ. ಹಿಂದಿನ ಪಂದ್ಯದ ಒದೆತಗಳಿಗೆ ಅವನ ಕಾಲು ಇನ್ನೂ ಊದಿಕೊಂಡಿತ್ತು, ಮುಖದಲ್ಲಿ ಸುಸ್ತು. ಹಬೆ ದಟ್ಟವಾಗಿತ್ತು. ಕನ್ನಡಿಯಲ್ಲಿ ಅವನ ಮುಖವೂ ಇವರ ಮುಖವೂ ಕರಗಿ ಒಂದೇ ಮಬ್ಬಾಗಿ ಕಾಣುತ್ತಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದವನು ನನ್ನ ಕಡೆ ತಿರುಗಿದ.

"ಟವೆಲ್ ಕೊಡ್ತೀರಾಮ್ಮ?"

ನಾನು ಹಿಂಡಿ ಕೊಟ್ಟೆ. ಇವರು ಅದನ್ನು ಮಡಚಿ ಅವನ ಕಣ್ಣುಗಳ ಮೇಲೆ ಹಾಸಿದರು. ಕತ್ತರಿ ಚಕಚಕ ಎಂದಿತು. ಮೇಲೆ ಮೆಟ್ಟಿಲುಗಳಲ್ಲಿ ಜನ ತುಂಬುತ್ತಿದ್ದ ಸದ್ದು ಎಲ್ಲೋ ದೂರದಲ್ಲಿ ಇತ್ತು. ಅವನ ಹೆಗಲು ಮೊದಲು ಇಳಿಯಿತು, ಆಮೇಲೆ ಮುಷ್ಟಿ ಬಿಚ್ಚಿಕೊಂಡಿತು, ಕೊನೆಗೆ ಬಾಯಿ ಅರ್ಧ ತೆರೆದು ಸಣ್ಣಗೆ ಗೊರಕೆ ಕೇಳಿಸಿತು. ನಮ್ಮನೆಯವರು ನನ್ನ ಕಡೆ ನೋಡಿದರು. ಅವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಹಬೆಯದ್ದಲ್ಲ.

ಕೂದಲು ಆಗಲೇ ಮುಗಿದಿತ್ತು. ಅವರು ಕತ್ತರಿ ನಿಲ್ಲಿಸಲಿಲ್ಲ. ಅವನ ಕಿವಿಯ ಪಕ್ಕ ಬರಿಗಾಳಿಯನ್ನೇ ಕತ್ತರಿಸುತ್ತಾ ನಿಂತರು.

ಹೊರಗೆ ಕಟಕಟ ಎಂದಿತು. ಕ್ಯಾಪ್ಟನ್ ಬಾಗಿಲಲ್ಲಿ ನಿಂತು, ಕುರ್ಚಿಯಲ್ಲಿ ಇದ್ದವನನ್ನು ಕಂಡು ಬಾಯಿ ತೆರೆದ. ಇವರು ಕತ್ತರಿ ಆಡುತ್ತಿದ್ದ ಹಾಗೆಯೇ ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟರು.

"ಮಲಗಿದಾನೆ. ಕಾಯ್ಬೇಕು," ಎಂದರು ಮೆಲ್ಲಗೆ.

ನಮ್ಮನೆಯವರ ಬಾಯಲ್ಲಿ ಆಯ್ತಪ್ಪ ಬಿಟ್ಟು ಬೇರೆ ಮಾತನ್ನು ಆ ಕ್ಯಾಪ್ಟನ್ ಕೇಳಿದ್ದು ಕಡಿಮೆ. ಅವನು ಮಲಗಿದವನ ಮುಖವನ್ನು ನೋಡಿದ. ಮುಂದಿಟ್ಟಿದ್ದ ಹೆಜ್ಜೆಯನ್ನು ಹಿಂದೆ ತೆಗೆದ, ಮೊಳೆ ಮತ್ತೆ ಕಟ್ ಎಂದಿತು, ಅಲ್ಲೇ ನಿಂತುಬಿಟ್ಟ. ಆಮೇಲೆ ಪಟ್ಟಿ ಕಟ್ಟಿದ್ದ ಮೊಣಕಾಲನ್ನು ಕಷ್ಟಪಟ್ಟು ಮಡಿಸಿ ಬಗ್ಗಿ, ಲೇಸು ಬಿಚ್ಚಿ, ಬೂಟುಗಳನ್ನು ಒಂದೊಂದಾಗಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ತಣ್ಣನೆಯ ಸಿಮೆಂಟಿನ ಮೇಲೆ ಕಾಲುಚೀಲದಲ್ಲಿ ನಿಂತು ಕಾಯ್ದ. ಅದು ಮರ್ಯಾದೆಯೋ, ಎಬ್ಬಿಸಿದರೆ ಸೋಲುತ್ತೇವೆ ಎಂಬ ಭಯವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನ ಹಿಂದೆ ಬಂದವರೂ ಅವನನ್ನು ನೋಡಿ ಬೂಟು ಬಿಚ್ಚಿದರು.

ಎಷ್ಟೋ ಹೊತ್ತಿನ ಮೇಲೆ ಹೊಸಬ ಟವೆಲ್ ಸರಿಸಿದ. ಎಲ್ಲಿದ್ದೇನೆ ಎಂದು ತಿಳಿಯದವನಂತೆ ಸುತ್ತ ನೋಡಿದ.

"ಮುಗೀತಾ ಮಾಮ?" ಎಂದ. ಅವನು ಮಾಮ ಎಂದದ್ದು ಅದೇ ಮೊದಲು.

"ಈಗ ಮುಗೀತು," ಎಂದು ಇವರು ಕತ್ತರಿ ಕೆಳಗಿಟ್ಟರು.

ಅವನು ಎದ್ದು, ಬಾಗಿಲಲ್ಲಿ ಸಾಲಾಗಿ ಕಾಲುಚೀಲದಲ್ಲಿ ನಿಂತಿದ್ದವರ ನಡುವೆ ದಾರಿ ಮಾಡಿಕೊಂಡು ಹೋದ. ಕ್ಯಾಪ್ಟನ್ ಕುರ್ಚಿಯನ್ನು ನೋಡಿದ, ನನ್ನನ್ನು ನೋಡಿದ. ಪಂದ್ಯಕ್ಕೆ ಹೊತ್ತಾಗುತ್ತಿತ್ತು. ಬಂದು ಕೂತ. ಕುರ್ಚಿ ಇನ್ನೂ ಬೆಚ್ಚಗಿದ್ದಿರಬೇಕು.

ಗಾಳಿ ಕತ್ತರಿಸಿ ಕತ್ತರಿಸಿ ನಮ್ಮನೆಯವರ ಹೆಬ್ಬೆರಳು ಊದಿಕೊಂಡಿತ್ತು. ಕ್ಯಾಪ್ಟನ್ನಿಗೆಂದು ಹಿಂಡಿಟ್ಟಿದ್ದ ಬಿಸಿ ಟವೆಲನ್ನು ತಂದು ನಾನು ಅದಕ್ಕೆ ಸುತ್ತಿದೆ. ಇನ್ನೊಂದು ಟವೆಲ್ ಕುದಿಯುವವರೆಗೆ ಅವನು ಸುಮ್ಮನೆ ಕೂತಿದ್ದ.